ಬಿಡಿ, ಹತ್ತು, ನೂರು

ಶಾಲೆ ತೆರೆಯುವ ದಿನ ಮೊದಲ ಗಂಟೆ ಒಂಬತ್ತೂವರೆಗೆ. ಮೇಷ್ಟ್ರು ಏಳೂಮುಕ್ಕಾಲಿಗೇ ಬಂದು ಮೂರನೆಯ ಮಹಡಿಯ ಮೆಟ್ಟಿಲು ಹತ್ತತೊಡಗಿದರು. ಒಟ್ಟು ಐವತ್ತನಾಲ್ಕು ಮೆಟ್ಟಿಲು. ಮೂವತ್ತಾರನೆಯದರಲ್ಲಿ ನಿಂತು, ಕಂಬಿ ಹಿಡಿದು, ಉಸಿರು ತೆಗೆದುಕೊಂಡರು. ಹೋದ ವರ್ಷ ನಲವತ್ತೈದರವರೆಗೆ ನಿಲ್ಲದೆ ಹೋಗುತ್ತಿದ್ದರು. ವ್ಯತ್ಯಾಸ ಒಂಬತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಅಧ್ಯಾಪಕರ ಕೊಠಡಿಯ ಬಾಗಿಲು ಆಗಲೇ ತೆರೆದಿತ್ತು. ಮೂಲೆಯ ಮೇಜಿನ ಮೇಲೆ ಕಂಪ್ಯೂಟರು, ಅದರ ಪಕ್ಕದಲ್ಲಿ ಪ್ರಿಂಟರು, ಎರಡರ ಮೇಲೂ ತೆಳ್ಳಗೆ ಧೂಳು. ಮೇಷ್ಟ್ರು ಕರವಸ್ತ್ರದಿಂದ ಪರದೆ ಒರೆಸಿ, ಗುಂಡಿ ಒತ್ತಿ, ಕುರ್ಚಿ ಎಳೆದುಕೊಂಡು ಕುಳಿತರು. ಮಾಡಬೇಕಾದ ಕೆಲಸ ಒಂದೇ. ಹೊಸ ವರ್ಷದ ವೇಳಾಪಟ್ಟಿಯ ಫೈಲನ್ನು ತೆರೆದು, ಒಂದು ಪ್ರತಿ ಮುದ್ರಿಸಿ, ರುಜು ಹಾಕಿ, ಒಂಬತ್ತೂವರೆಯೊಳಗೆ ಕೆಳಗಿನ ಗೋಡೆಗೆ ಅಂಟಿಸಬೇಕು.

ಆ ಶಾಲೆಯಲ್ಲಿ ಅವರು ಮೂವತ್ತೊಂದು ವರ್ಷದಿಂದ ಲೆಕ್ಕ ಕಲಿಸುತ್ತಿದ್ದರು. ವೇಳಾಪಟ್ಟಿ ತಯಾರಿಸಿದ್ದು ಇಪ್ಪತ್ತೆರಡು ಸಲ, ಇದು ಇಪ್ಪತ್ತಮೂರನೆಯದು. ಹದಿನಾಲ್ಕು ತರಗತಿ, ದಿನಕ್ಕೆ ಎಂಟು ಪೀರಿಯಡ್, ವಾರಕ್ಕೆ ಆರು ದಿನ: ಆರುನೂರ ಎಪ್ಪತ್ತೆರಡು ಮನೆಗಳು. ಒಂದೊಂದು ಮನೆಗೂ ಒಬ್ಬ ಅಧ್ಯಾಪಕ, ಒಂದು ಕೊಠಡಿ. ಒಂದೇ ಹೊತ್ತಿಗೆ ಒಬ್ಬರು ಎರಡು ಕಡೆ ಇರಕೂಡದು, ಒಂದೇ ಕೊಠಡಿಗೆ ಎರಡು ತರಗತಿ ಬರಕೂಡದು. ಬಂದರೆ ಅದಕ್ಕೆ ಆ ಶಾಲೆಯಲ್ಲಿ ‘ಡಿಕ್ಕಿ’ ಎನ್ನುತ್ತಿದ್ದರು.

ಇಪ್ಪತ್ತೊಂದು ವರ್ಷ ಡಿಕ್ಕಿ ಆಗಿರಲಿಲ್ಲ. ಹೋದ ವರ್ಷ ಆಯಿತು. ಬುಧವಾರ ಮೂರನೆಯ ಪೀರಿಯಡ್‌ನಲ್ಲಿ ಎಂಟನೆಯ ತರಗತಿಯೂ ಹತ್ತನೆಯ ತರಗತಿಯೂ ಸಂಗೀತದ ಕೊಠಡಿಯ ಮುಂದೆ ಸಾಲು ನಿಂತವು. ಎಂಬತ್ತೆರಡು ಮಕ್ಕಳು, ಒಂದು ಬಾಗಿಲು, ಹದಿನೈದು ನಿಮಿಷ ಗಲಾಟೆ. ವರ್ಷದ ಕೊನೆಯ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಇನ್ನೊಂದು ಡಿಕ್ಕಿ ಆದ್ರೆ ಈ ಕೆಲಸ ಡ್ರಿಲ್ ಮೇಷ್ಟ್ರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ,” ಎಂದಿದ್ದರು. ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿಸಿಕೊಂಡವರು ಮಾಡಿಕೊಳ್ಳುವಷ್ಟು ಬೇಜಾರನ್ನು ಮೇಷ್ಟ್ರು ಮಾಡಿಕೊಂಡರು.

ತಪ್ಪು ತಮ್ಮದಲ್ಲ ಎಂಬುದು ಅವರ ದೃಢವಾದ ನಂಬಿಕೆ. ಯಾರೋ ಫೈಲಿಗೆ ಕೈ ಹಾಕಿದ್ದಾರೆ. ಯಾರು? ಊಟದ ಹೊತ್ತಿಗೆ ಮುಂಚಿನ ಪೀರಿಯಡ್‌ಗಳೆಲ್ಲ ತನಗೇ ಬೇಕೆನ್ನುವ ಡ್ರಿಲ್ ಮೇಷ್ಟ್ರೇ ಇರಬೇಕು. ಒಂದು ವರ್ಷವಿಡೀ ಆ ಮನುಷ್ಯನ ನಮಸ್ಕಾರಕ್ಕೆ ಮೇಷ್ಟ್ರು ಅರ್ಧ ತಲೆಯಷ್ಟೇ ಆಡಿಸಿದ್ದರು. ಈ ಸಲ ಫೈಲಿಗೆ ಬೀಗ ಹಾಕಬೇಕೆಂದು ಪಣ ತೊಟ್ಟು, ಗುರುವಾರ ಸಂಜೆ ತಂಗಿಯ ಮಗಳಿಗೆ ಫೋನ್ ಮಾಡಿ ಕೇಳಿಕೊಂಡು ಹಾಕಿಯೂ ಇದ್ದರು. ಇಂದು ಸೋಮವಾರ.

ಫೈಲಿನ ಹೆಸರಿನ ಮೇಲೆ ಎರಡು ಸಲ ಒತ್ತಿದರು. ಫೈಲುಗಳನ್ನು ತೋರಿಸುವ ಪ್ರೋಗ್ರಾಂ, ಎಲ್ಲರೂ ವ್ಯೂವರ್ ಎನ್ನುವುದು, ತೆರೆಯಿತು. ಒಳಗೆ ಏನೂ ಇರಲಿಲ್ಲ. ನಡುವೆ ಒಂದು ಚಿಕ್ಕ ಪೆಟ್ಟಿಗೆ: ‘ಈ ಫೈಲ್ ತೆರೆಯಲು ನಿಮಗೆ ಅನುಮತಿ ಇಲ್ಲ.’

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ಓದಿದರು. ‘ನಿಮಗೆ’ ಎಂದೇ ಬರೆದಿತ್ತು.

ಅವರು ಗಾಬರಿ ಬೀಳುವ ಜಾತಿಯಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎಂಬುದು ಅವರು ಮಕ್ಕಳಿಗೆ ಹೇಳುವ ಪಾಠ. ಹೋದ ವರ್ಷದ ವೇಳಾಪಟ್ಟಿಯನ್ನು ತೆರೆದರು; ಬಂತು. ಅಂದರೆ ವ್ಯೂವರ್ ಕೆಟ್ಟಿಲ್ಲ. ಹೊಸ ಫೈಲನ್ನು ತಿದ್ದುವ ಪ್ರೋಗ್ರಾಂನಲ್ಲಿ ತೆರೆಯಲು ನೋಡಿದರು. ಅದೇ ಪೆಟ್ಟಿಗೆ, ಅದೇ ಮಾತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದರು. ಅದು ನಾಲ್ಕು ನಿಮಿಷ ಗೊರಗೊರ ಸದ್ದು ಮಾಡಿ ಎದ್ದಿತು, ಪೆಟ್ಟಿಗೆಯೂ ಜೊತೆಯಲ್ಲೇ ಎದ್ದಿತು. ಮನೆಯಲ್ಲಿ ಪೆನ್ಸಿಲಿನಿಂದ ಬರೆದ ಕರಡು ಚೀಲದಲ್ಲಿತ್ತು. ಆದರೆ ಕೊನೆಯ ಹದಿನಾಲ್ಕು ಬದಲಾವಣೆಗಳನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡು ಕಂಪ್ಯೂಟರಿನಲ್ಲೇ ಮಾಡಿದ್ದರು. ಕರಡಿನಿಂದ ಮತ್ತೆ ಕಟ್ಟಲು ಕಡಿಮೆಯೆಂದರೆ ಎರಡು ದಿನ ಬೇಕು.

ಎಂಟು ಗಂಟೆಗೆ ಫೋನ್ ತೆಗೆದರು.

“ಮಾವಾ, ಇಷ್ಟು ಬೆಳಿಗ್ಗೇನಾ? ನಾನಿನ್ನೂ ಹಲ್ಲುಜ್ಜಿಲ್ಲ,” ಎಂದಳು ತಂಗಿಯ ಮಗಳು. ಅವಳು ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವವಳು.

“ತೆರೀತಾ ಇಲ್ಲ.”

“ಈ ಮಾತನ್ನ ನಾನು ದಿನಕ್ಕೆ ನಲವತ್ತು ಸಲ ಕೇಳ್ತೀನಿ. ಡಾಕ್ಟರು ಹೇಳ್ತಾರೆ, ನರ್ಸ್ ಹೇಳ್ತಾರೆ, ಕನಸಲ್ಲೂ ಯಾರೋ ಹೇಳ್ತಾರೆ. ಏನು ತೆರೀತಾ ಇಲ್ಲ?”

ಮೇಷ್ಟ್ರು ಮಾಡಿದ ಮೂರು ಪರೀಕ್ಷೆಗಳನ್ನೂ, ಮೂರರ ಫಲಿತಾಂಶಗಳನ್ನೂ ಕ್ರಮವಾಗಿ ಹೇಳಿದರು.

“ಅಬ್ಬಾ, ನಿಮ್ಮಷ್ಟು ಚೆನ್ನಾಗಿ ನಮ್ಮ ಡಾಕ್ಟರುಗಳೂ ಹೇಳಲ್ಲ. ಸರಿ, ಬೇರೆ ಹೆಸರಲ್ಲಿ ಲಾಗಿನ್ ಆಗಿ ನೋಡಿ. ಗೆಸ್ಟ್ ಅಂತ ಒಂದು ಇತ್ತಲ್ಲ?”

ಆ ಗೆಸ್ಟ್ ಲಾಗಿನ್ ಇದ್ದದ್ದು ಗಂಟೆಯಮ್ಮನಿಗೆ. ಗಂಟೆ ಹೊಡೆಯುವುದು, ಕೊಠಡಿಗಳ ಬೀಗ ತೆಗೆಯುವುದು, ಹಾಕುವುದು, ಸೂಚನೆಗಳನ್ನು ಮುದ್ರಿಸಿ ಅಂಟಿಸುವುದು ಆಕೆಯ ಕೆಲಸ. ಮೇಷ್ಟ್ರು ಕಂಬಿಯ ಮೇಲಿಂದ ಬಗ್ಗಿ ಕೂಗಿದರು. ಆಕೆ ಸೊಂಟದ ಬೀಗದ ಕೈಗಳ ಗೊಂಚಲನ್ನು ಗಲಗಲ ಎನ್ನಿಸುತ್ತ, ಒಂದು ಕಡೆಯೂ ನಿಲ್ಲದೆ, ಐವತ್ತನಾಲ್ಕು ಮೆಟ್ಟಿಲೂ ಹತ್ತಿ ಬಂದಳು. ಎರಡೇ ಬೆರಳಿನಿಂದ ಪಾಸ್‌ವರ್ಡ್ ಕುಟ್ಟಿದಳು. ಫೈಲಿನ ಮೇಲೆ ಒತ್ತಿದಳು.

ವೇಳಾಪಟ್ಟಿ ಪರದೆಯ ತುಂಬ ಹರಡಿಕೊಂಡಿತು.

“ಬಂತಲ್ಲ ಮೇಷ್ಟ್ರೇ,” ಎಂದಳು. “ನಿಮಗೆ ಬರಲ್ವಾ? ಅದು ಹೇಗೆ?”

ಮೇಷ್ಟ್ರ ಮುಖ ಬಿಗಿಯಿತು. “ಸರಿ. ನೀನು ಹೋಗು, ಕೊಠಡಿ ತೆಗೀಬೇಕಲ್ಲ,” ಎಂದರು. ಆಕೆ ಏನೋ ಹೇಳಲು ಬಾಯಿ ತೆರೆದವಳು ಅವರ ಮುಖ ನೋಡಿ ಸುಮ್ಮನೆ ಇಳಿದುಹೋದಳು.

“ಹಾಗಾದ್ರೆ ಫೈಲ್‌ಗೆ ಏನೂ ಆಗಿಲ್ಲ, ವ್ಯೂವರ್‌ಗೂ ಏನೂ ಆಗಿಲ್ಲ,” ಎಂದಳು ಫೋನಿನಲ್ಲಿ ತಂಗಿಯ ಮಗಳು. “ಉಳಿದಿದ್ದು ನೀವೊಬ್ರೇ. ಅಲ್ಲಿಂದಲೇ ಪ್ರಿಂಟ್ ಹೊಡೆದುಬಿಡಿ ಮಾವಾ. ಕೆಲಸ ಆಗುತ್ತೆ.”

“ಯಾಕೆ ಅಂತ ಗೊತ್ತಾಗದೆ ಹೊಡೆಯೋದಿಲ್ಲ.”

“ನನಗೆ ಗೊತ್ತಿತ್ತು, ನೀವು ಹಾಗೇ ಹೇಳ್ತೀರಿ ಅಂತ. ಸರಿ, ನಿಮ್ಮ ಹೆಸರಿಗೇ ವಾಪಸ್ ಬನ್ನಿ. ಗುರುವಾರ ಟೈಪ್ ಮಾಡಿದ್ರಲ್ಲ, ಆ ಕಪ್ಪು ಕಿಟಕಿ ತೆಗೀರಿ. ಫೈಲ್ ಹೆಸರಿನ ಸಾಲಲ್ಲಿ ಮೊದಲು ಏನಿದೆ ಓದಿ.”

ಮೇಷ್ಟ್ರು ಬೆರಳಿಟ್ಟು ಓದಿದರು: “ಗೆರೆ, ಗೆರೆ, ಗೆರೆ, ಗೆರೆ. ಆರ್. ಗೆರೆ, ಗೆರೆ. ಆರ್, ಡಬ್ಲ್ಯೂ, ಗೆರೆ. ಒಟ್ಟು ಹತ್ತು.”

ಆ ಕಡೆ ಅವಳು ನಲ್ಲಿ ನಿಲ್ಲಿಸಿದಳು.

“ಮಾವಾ, ಗುರುವಾರ ನಾನು ಯಾವ ಅಂಕಿ ಹೇಳಿದ್ದೆ?”

“ಆರು, ನಾಲ್ಕು, ಸೊನ್ನೆ.”

ಅದನ್ನು ಅವರು ಮರೆಯುವಂತಿರಲಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಅವರಿಗೆ ಹಿಡಿಸಿದ್ದು ಅದೊಂದೇ. ಓದುವ ಹಕ್ಕಿಗೆ ಆರ್ ಅಕ್ಷರ, ಅಂಕಿ ನಾಲ್ಕು; ಬರೆಯುವುದಕ್ಕೆ ಡಬ್ಲ್ಯೂ, ಎರಡು; ಪ್ರೋಗ್ರಾಂ ಆಗಿ ನಡೆಸುವುದಕ್ಕೆ ಒಂದು; ಹಕ್ಕಿಲ್ಲದ ಕಡೆ ಗೆರೆ. ಬೇಕಾದ್ದನ್ನು ಕೂಡಿಸಬೇಕು. ಹೇಗೆ ಕೂಡಿಸಿದರೂ ಎರಡು ಬಗೆಯ ಕೂಟಕ್ಕೆ ಒಂದೇ ಉತ್ತರ ಬರುವುದಿಲ್ಲ. ಇದನ್ನು ಮಾಡಿದವನು ಯಾರೋ ಲೆಕ್ಕ ಬಲ್ಲವನು ಎಂದು ಅಂದು ಮೆಚ್ಚಿಕೊಂಡಿದ್ದರು. ಒಂದು ಅಂಕಿ ಫೈಲಿನ ಒಡೆಯನಿಗೆ, ಒಂದು ಅವನ ಗುಂಪಿಗೆ, ಒಂದು ಇತರರಿಗೆ. ಒಡೆಯರಾದ ತಮಗೆ ಓದು, ಬರಹ ಎರಡೂ ಸೇರಿ ಆರು, ಅಧ್ಯಾಪಕರ ಗುಂಪಿಗೆ ಬರೀ ಓದು, ನಾಲ್ಕು, ಇತರರಿಗೆ ಸೊನ್ನೆ.

“ಮತ್ತೆ ಏನು ಟೈಪ್ ಮಾಡಿದ್ರಿ?”

“ನೀನು ಹೇಳಿದ ಹಾಗೇ. ಮೊದಲನೇದು ಒಡೆಯನಿಗೆ ಅಂದೆ. ಮೊದಲನೇ ಸ್ಥಾನ ಬಿಡಿ. ಬಿಡಿಗೆ ಆರು, ಹತ್ತಕ್ಕೆ ನಾಲ್ಕು, ನೂರಕ್ಕೆ ಸೊನ್ನೆ.”

“ಅಂದ್ರೆ ಸೊನ್ನೆ ನಾಲ್ಕು ಆರು.”

“ಹೌದು.”

“ಅಯ್ಯೋ ಮಾವಾ! ಅದನ್ನ ಎಡದಿಂದ ಓದ್ತಾರೆ.”

“ಯಾರು ಓದ್ತಾರೆ?”

“ಎಲ್ಲರೂ. ನಿಮ್ಮನ್ನ ಬಿಟ್ಟು ಎಲ್ಲರೂ.” ಅವಳು ಕಿಲಕಿಲ ನಗತೊಡಗಿದಳು.

“ಅಂಕಿ ಇದ್ದ ಮೇಲೆ ಸ್ಥಾನ ಇರಬೇಕು,” ಎಂದರು ಮೇಷ್ಟ್ರು. “ಸ್ಥಾನ ಎಣಿಸೋದು ಬಲದಿಂದ.”

“ನಿಜ. ಆದ್ರೆ ಇದು ಸಂಖ್ಯೆ ಅಲ್ಲ, ಬೀಗ. ಈಗ ಒಡೆಯನಿಗೆ ಸೊನ್ನೆ, ಇತರರಿಗೆ ಆರು.”

“ನಾನು ಅಧ್ಯಾಪಕನೂ ಹೌದಲ್ಲ? ಗುಂಪಿನ ನಾಲ್ಕಾದರೂ ನನಗೆ ಸಿಗಬೇಕಲ್ಲ?”

“ಸಿಗಲ್ಲ. ಅದು ಮೊದಲು ನೀವು ಒಡೆಯನಾ ಅಂತ ನೋಡುತ್ತೆ. ಹೌದು ಅಂದ್ರೆ ನಿಮಗೆ ಬರೆದಿರೋದನ್ನೇ ಕೊಡುತ್ತೆ. ಸೊನ್ನೆ ಅಂದ್ರೆ ಸೊನ್ನೆ. ಮುಂದಕ್ಕೆ ಕೇಳೋದೇ ಇಲ್ಲ. ಆದ್ರೆ ಒಡೆಯ ಅನ್ನೋ ಕಾರಣಕ್ಕೆ ಹಕ್ಕನ್ನ ಬದಲಾಯಿಸೋಕೆ ಮಾತ್ರ ಯಾವಾಗಲೂ ಬಿಡುತ್ತೆ. ಬಿಡಿ ಮಾವಾ, ಈಗ ಸರಿ ಮಾಡಿ. ಎಡದಿಂದ.”

ಮೇಷ್ಟ್ರು ಎಡದಿಂದ ಆರು, ನಾಲ್ಕು, ಸೊನ್ನೆ ಎಂದು ಒತ್ತಿದರು. ವ್ಯೂವರ್‌ನಲ್ಲಿ ವೇಳಾಪಟ್ಟಿ ಬಂತು. ಆದರೆ ಅವರ ಕಣ್ಣು ಕಪ್ಪು ಕಿಟಕಿಯ ಮೇಲೆಯೇ ಇತ್ತು. ಅದೇ ಸಾಲಿನಲ್ಲಿ, ಸ್ವಲ್ಪ ಬಲಕ್ಕೆ, ಫೈಲನ್ನು ಕೊನೆಯದಾಗಿ ತಿದ್ದಿದ ದಿನವೂ ಹೊತ್ತೂ ಇದ್ದವು: ಶನಿವಾರ, ಹನ್ನೊಂದು ಗಂಟೆ ಹತ್ತು ನಿಮಿಷ. ಅವರು ಕೊನೆಯ ಸಲ ಮುಟ್ಟಿದ್ದು ಗುರುವಾರ.

“ಯಾರೋ ಬರೆದಿದ್ದಾರೆ,” ಎಂದು ಫೋನ್ ಇಟ್ಟರು.

ಕರಡನ್ನು ಹರಡಿ, ಕೊನೆಯ ಹದಿನಾಲ್ಕು ಬದಲಾವಣೆಗಳ ಚೀಟಿಯನ್ನು ಪಕ್ಕದಲ್ಲಿಟ್ಟು, ಪೆನ್ಸಿಲ್ ಹಿಡಿದು ಒಂದೊಂದೇ ಮನೆಯ ಮೇಲೆ ಚುಕ್ಕೆ ಇಡುತ್ತ ಹೋದರು. ಕಣ್ಣು ಉರಿಯಿತು, ಸೋಮವಾರದಿಂದ ಬುಧವಾರದವರೆಗೆ ಎಲ್ಲ ಹೊಂದಿತು. ಗುರುವಾರದ್ದು ಹೊಂದಲಿಲ್ಲ. ಏಳನೆಯ ತರಗತಿಯ ಬಿ ವಿಭಾಗಕ್ಕೆ ಐದನೆಯ ಪೀರಿಯಡ್‌ನಲ್ಲಿ ವಿಜ್ಞಾನದ ಲ್ಯಾಬ್ ಹಾಕಿದ್ದರು, ಆರನೆಯದರಲ್ಲಿ ಚಿತ್ರಕಲೆ. ಪರದೆಯ ಮೇಲೆ ಅವು ಅದಲುಬದಲಾಗಿದ್ದವು. ಉಳಿದ ಆರುನೂರ ಎಪ್ಪತ್ತೂ ಇದ್ದ ಹಾಗೇ ಇದ್ದವು.

ಇತರರಿಗೆ ಆರು ಕೊಟ್ಟಿದ್ದರು. ಈ ಕಂಪ್ಯೂಟರಿನಲ್ಲಿ ಅಧ್ಯಾಪಕರಲ್ಲದವರ ಲಾಗಿನ್ ಇದ್ದದ್ದು ಒಂದೇ. ಗಡಿಯಾರ ಎಂಟೂ ನಲವತ್ತು ತೋರಿಸುತ್ತಿತ್ತು. ಮೇಷ್ಟ್ರು ಐವತ್ತನಾಲ್ಕು ಮೆಟ್ಟಿಲು ಇಳಿದರು. ಮೊಣಕಾಲು ಒಂದೊಂದಕ್ಕೂ ಚುಳುಕ್ ಎಂದಿತು.

ಕೆಳಗೆ ಮೆಟ್ಟಿಲ ಬುಡದಲ್ಲಿ ಒಂದು ಮರದ ಹಲಗೆ, ಅದರಲ್ಲಿ ಮೂರು ಸಾಲು ಮೊಳೆ, ಮೊಳೆಗೊಂದು ಬೀಗದ ಕೈ. ಗಂಟೆಯಮ್ಮ ಅವನ್ನು ಒಂದೊಂದಾಗಿ ಒರೆಸಿ ತೂಗುಹಾಕುತ್ತಿದ್ದಳು.

“ಫೈಲ್ ಮುಟ್ಟಿದ್ದು ಯಾರು?”

“ನಾನೇ,” ಎಂದಳು, ತಿರುಗಿ ನೋಡದೆ.

“ನೀನು ಯಾಕೆ ಮುಟ್ಟಿದೆ?”

“ಯಾಕೆ ಅಂದ್ರೆ? ಶನಿವಾರ ಬೀಗದ ಕೈಗಳ ಲೆಕ್ಕಕ್ಕೆ ಪಟ್ಟಿ ತೆಗೆದು ನೋಡಿದೆ. ಲ್ಯಾಬಿಗೆ ಇರೋ ಬೀಗದ ಕೈ ಒಂದು.” ಎರಡನೆಯ ಸಾಲಿನ ಮೂರನೆಯ ಮೊಳೆಯಿಂದ ಅದನ್ನು ತೆಗೆದು ಅವರ ಮುಂದೆ ಹಿಡಿದಳು. “ಗುರುವಾರ ಐದನೇ ಪೀರಿಯಡ್‌ಗೆ ಏಳನೇ ಬಿ ಬಂದು ಇದನ್ನ ಕೇಳುತ್ತೆ. ಅದೇ ಹೊತ್ತಿಗೆ ಒಂಬತ್ತನೇ ಎ ಬಂದು ಇದನ್ನೇ ಕೇಳುತ್ತೆ. ಮುರಿದು ಅರ್ಧರ್ಧ ಕೊಡ್ಲಾ?”

ಮೇಷ್ಟ್ರು ಕಣ್ಣು ಮುಚ್ಚಿದರು. ಗುರುವಾರದ ಸಾಲು ಕಣ್ಣೊಳಗೆ ಬಂತು. ಒಂಬತ್ತನೆಯ ಎ, ಐದನೆಯ ಪೀರಿಯಡ್, ಲ್ಯಾಬ್. ಏಳನೆಯ ಬಿ, ಐದನೆಯ ಪೀರಿಯಡ್, ಅದೂ ಲ್ಯಾಬ್. ಹದಿನಾಲ್ಕು ಬದಲಾವಣೆಗಳಲ್ಲಿ ಹನ್ನೊಂದನೆಯದು. ಏಳನೆಯ ತರಗತಿಯ ವಿಜ್ಞಾನದ ಟೀಚರು ಕೇಳಿಕೊಂಡರೆಂದು ತಾವೇ ಸರಿಸಿದ್ದು, ಸರಿಸಿ ಅಡ್ಡಸಾಲು ತಾಳೆ ನೋಡದೆ ಮುಂದೆ ಹೋದದ್ದು. ಅಂದು ಎಷ್ಟು ದಣಿದಿದ್ದರೆಂದರೆ ಪೆನ್ಸಿಲು ಕೈಯಿಂದ ಜಾರಿ ಬಿದ್ದದ್ದೂ ಗೊತ್ತಾಗಿರಲಿಲ್ಲ.

“ಆರಕ್ಕೆ ಹಾಕಿದ್ದು ಹೇಗೆ?” ಅವರ ದನಿ ಇಳಿದಿತ್ತು.

“ಆರಕ್ಕೆ ಲ್ಯಾಬಿನ ಕೈ ಮೊಳೆ ಮೇಲೇ ನೇತಾಡ್ತಿರುತ್ತೆ. ವಿಜ್ಞಾನದ ಟೀಚರಿಗೂ ಆಗ ಖಾಲಿ. ಚಿತ್ರದ ಟೀಚರಿಗೆ ಐದಕ್ಕೆ ಖಾಲಿ, ಅವರ ಕೊಠಡಿಯ ಕೈಯೂ ಖಾಲಿ. ನಾಲ್ಕೂ ನೋಡಿ ಬದಲಾಯಿಸಿದೆ.”

ನಾಲ್ಕೂ ನೋಡಬೇಕಾದವೇ. ಐದನೆಯದಿಲ್ಲ. ಮೇಷ್ಟ್ರು ಮನಸ್ಸಿನಲ್ಲೇ ತಾಳೆ ನೋಡಿದರು, ಸರಿಯಿತ್ತು.

“ನನಗೆ ಹೇಳಬೇಕಿತ್ತು.”

“ಶನಿವಾರವೇ ಮನೆಗೆ ಫೋನ್ ಮಾಡಿದ್ದೆ. ಅಮ್ಮಾವ್ರು, ‘ಮೂರು ದಿನದಿಂದ ನಿದ್ದೆ ಇಲ್ಲ, ಈಗ ತಾನೇ ಕಣ್ಣು ಮುಚ್ಚಿದ್ದಾರೆ’ ಅಂದ್ರು. ಎಬ್ಬಿಸಬೇಡಿ ಅಂದೆ. ಈಗ ಮೇಲೆ ಬಂದಾಗಲೂ ಹೇಳೋಣ ಅಂದ್ಕೊಂಡೆ, ನೀವು ಹೋಗು ಅಂದ್ರಿ.” ಕೀಲಿಯನ್ನು ಮೊಳೆಗೆ ಹಾಕಿದಳು. “ಹೋದ ವರ್ಷದ ಬುಧವಾರದ್ದೂ ಹೇಳಿದ್ದೆ.”

“ಯಾವಾಗ?”

“ಇಲ್ಲೇ, ಮೆಟ್ಟಿಲ ಮೇಲೆ. ‘ನೀನು ಗಂಟೆ ಹೊಡಿ, ಸಾಕು’ ಅಂದ್ರಿ.”

ಹೌದು, ಅಂದಿದ್ದರು. ಯಾವ ಮೆಟ್ಟಿಲು ಎಂಬುದೂ ನೆನಪಾಯಿತು. ಡ್ರಿಲ್ ಮೇಷ್ಟ್ರೂ ಅಲ್ಲ, ಮತ್ತೊಬ್ಬರೂ ಅಲ್ಲ. ಎರಡು ವರ್ಷ, ಎರಡು ಡಿಕ್ಕಿ, ಎರಡೂ ತಮ್ಮವೇ.

“ಹೋದ ವರ್ಷ ನನಗೆ ನೋಡೋಕೆ ಮಾತ್ರ ಬರ್ತಿತ್ತು,” ಎಂದಳು ಗಂಟೆಯಮ್ಮ. “ಬರೆಯೋಕೆ ಹೋದ್ರೆ ಬೈಯೋದು. ಈ ಸಲ ಸುಮ್ಮನೆ ಬಿಟ್ಟಿತು. ನನಗೆ ಆಶ್ಚರ್ಯ. ಹೋದ ಸಲದ್ದು ಮೇಷ್ಟ್ರು ಮನಸ್ಸಲ್ಲಿ ಇಟ್ಕೊಂಡಿದ್ದಾರೆ, ಅದಕ್ಕೇ ಈ ಸಲ ನನಗೂ ಬಿಟ್ಟಿದ್ದಾರೆ ಅಂದ್ಕೊಂಡೆ. ಮನೇಲೂ ಹೇಳಿದೆ. ನಮ್ಮೆಜಮಾನ್ರು ನಂಬಲೇ ಇಲ್ಲ. ‘ಆ ಮೇಷ್ಟ್ರಾ? ನಿನಗಾ?’ ಅಂತಾರೆ.”

ಮೇಷ್ಟ್ರ ನಾಲಗೆಯ ತುದಿಯಲ್ಲಿ ಸತ್ಯವಿತ್ತು. ಅದು ನಾನು ಬಿಟ್ಟದ್ದಲ್ಲ, ಬಿಡಿಯ ಸ್ಥಾನದಲ್ಲಿ ಆದ ತಪ್ಪು. ತಪ್ಪನ್ನು ಬಚ್ಚಿಟ್ಟವರಲ್ಲ ಅವರು. ಮಕ್ಕಳ ಮುಂದೆಯೂ ಬೋರ್ಡಿನ ಮೇಲೆ ಅಡ್ಡಗೆರೆ ಎಳೆದು ತಿದ್ದಿಕೊಂಡವರು. ಆದರೆ ಈ ಒಂದು ತಪ್ಪನ್ನು ಅಳಿಸುವುದಕ್ಕಿಂತ ನಿಜ ಮಾಡುವುದೇ ಸುಲಭವೆಂದು ಅವರಿಗೆ ತೋರಿತು.

“ಒಂದು ಪ್ರತಿ ಮುದ್ರಿಸಿ ತರ್ತೀನಿ,” ಎಂದರು. “ಅದಕ್ಕೆ ನಿಮ್ಮ ರುಜು ಬೇಕು.”

ಗಂಟೆಯಮ್ಮ ಬಟ್ಟೆಯನ್ನು ಕೆಳಗಿಟ್ಟಳು. “ಏನ್ ಮೇಷ್ಟ್ರೇ, ಇವತ್ತು ಬಹುವಚನ?”

ಅವರು ಮೆಟ್ಟಿಲಿಗೆ ತಿರುಗಿದರು. ಈ ಸಲ ಇಪ್ಪತ್ತೇಳನೆಯದರಲ್ಲೇ ನಿಂತರು, ಸರಿಯಾಗಿ ಅರ್ಧ.

ವೇಳಾಪಟ್ಟಿಯ ಕೆಳಗೆ ಎರಡು ಗೆರೆಗಳಿದ್ದವು. ‘ತಯಾರಿಸಿದವರು’, ‘ತಾಳೆ ನೋಡಿದವರು’. ಇಪ್ಪತ್ತೆರಡು ವರ್ಷವೂ ಎರಡರ ಮೇಲೂ ಒಂದೇ ರುಜು ಬಿದ್ದಿತ್ತು, ಅದು ತಪ್ಪೆಂದು ಯಾರಿಗೂ ಹೊಳೆದಿರಲಿಲ್ಲ. ಮೇಷ್ಟ್ರು ಮೊದಲನೆಯದರ ಮೇಲೆ ಹಾಕಿದರು. ಎರಡನೆಯದರ ಮೇಲೆ, ಕೆಳಗಿನ ಮೆಟ್ಟಿಲ ಬುಡದಲ್ಲಿ, ಬೀಗದ ಹಲಗೆಗೆ ಹಾಳೆ ಒತ್ತಿಹಿಡಿದು ಗಂಟೆಯಮ್ಮ ಹಾಕಿದಳು. ಅಕ್ಷರ ಒಂದೊಂದೂ ಬಿಡಿಬಿಡಿಯಾಗಿತ್ತು.

ಒಂಬತ್ತೂಕಾಲಿಗೆ ಮುಖ್ಯೋಪಾಧ್ಯಾಯಿನಿ ಬಂದರು. ಕಂಕುಳಲ್ಲಿ ಹಾಜರಿ ಪುಸ್ತಕಗಳು, ಕಿವಿಗೆ ಫೋನು. ಹಾಳೆಯನ್ನು ಮೇಲಿನಿಂದ ಕೆಳಗೆ ನೋಡುತ್ತ, ಕೊನೆಯ ರುಜುವಿನ ಹತ್ತಿರ ನಿಂತುಬಿಟ್ಟರು.

“ಇದೇನು, ತಾಳೆ ನೋಡಿದ್ದು ಗಂಟೆಯಮ್ಮನಾ?”

“ಹೌದು ಮೇಡಂ. ಒಂದು ಡಿಕ್ಕಿ ಇತ್ತು. ನನ್ನದೇ. ಅವರು ಹಿಡಿದರು.” ಮೇಷ್ಟ್ರು ಸೇರಿಸಿದರು: “ಹೋದ ವರ್ಷದ್ದೂ ನನ್ನದೇ.”

ಮುಖ್ಯೋಪಾಧ್ಯಾಯಿನಿ ಫೋನನ್ನು ಕಿವಿಯಿಂದ ತೆಗೆದರು. ಒಂದು ವರ್ಷದಿಂದ ಈ ಮಾತು ಬರಬಹುದೆಂದು ಕಾದು, ಕಾಯುವುದನ್ನು ಬಿಟ್ಟವರ ಮುಖ ಅವರದು.

“ಈಗ ಸರಿ ಇದೆಯಾ?”

“ಸರಿ ಇದೆ.”

“ಹಾಗಾದ್ರೆ ಗೋಡೆಗೆ ಹಾಕಿ. ಕಾಗದದ ಮೇಲಿನ ಡಿಕ್ಕೀನ ನಾನು ಎಣಿಸಲ್ಲ. ನನಗಿವತ್ತು ಆಗಲೇ ಮೂವತ್ತು ತಲೆನೋವು, ಮೂವತ್ತೊಂದನೇದು ಬೇಡ.” ಎರಡು ಹೆಜ್ಜೆ ಹೋಗಿ ತಿರುಗಿದರು. “ಮುಂದಿನ ವರ್ಷ?”

“ಮುಂದಿನ ವರ್ಷ ಅವರು ತಯಾರಿಸಲಿ,” ಎಂದರು ಮೇಷ್ಟ್ರು. “ನಾನು ತಾಳೆ ನೋಡ್ತೀನಿ.”

“ಅಯ್ಯಯ್ಯೋ, ನಾನಾ?” ಎಂದಳು ಗಂಟೆಯಮ್ಮ. ಬೇಡ ಎನ್ನಲಿಲ್ಲ.

ಡ್ರಿಲ್ ಮೇಷ್ಟ್ರು ಸೀಟಿಯನ್ನು ಕೊರಳಿಗೆ ಹಾಕಿಕೊಳ್ಳುತ್ತ ಒಳಗೆ ಬಂದು, ರೂಢಿಯಂತೆ ಕೈ ಎತ್ತಿದರು. ಮೇಷ್ಟ್ರು ಎರಡೂ ಕೈ ಜೋಡಿಸಿ ಪೂರ್ತಿ ನಮಸ್ಕಾರ ಮಾಡಿದರು. ಆ ಮನುಷ್ಯ ಏನೋ ಅನಾಹುತವಾಗಿದೆಯೆಂದುಕೊಂಡು ಗೋಡೆಯ ಮೇಲಿನ ಹಾಳೆಯನ್ನು ಹೋಗಿ ನೋಡಿದರು.

ಮೇಲೆ ಹೋಗಿ ಕಂಪ್ಯೂಟರ್ ಆರಿಸಬೇಕಿತ್ತು. ಕಪ್ಪು ಕಿಟಕಿ ಇನ್ನೂ ತೆರೆದೇ ಇತ್ತು. ಮೇಷ್ಟ್ರು ನಿಂತುಕೊಂಡೇ ಮೂರು ಅಂಕಿ ಒತ್ತಿದರು. ಅಷ್ಟರಲ್ಲಿ ಫೋನ್ ಬಂತು.

“ಮಾವಾ, ಬಸ್ಸಲ್ಲಿದ್ದೀನಿ. ಸರಿಹೋಯ್ತಾ? ಕೊನೆಗೆ ಆರು ನಾಲ್ಕು ಸೊನ್ನೆ ತಾನೇ?”

“ನಾಲ್ಕು, ನಾಲ್ಕು, ಆರು.”

“ಅಯ್ಯೋ, ಮತ್ತೆ ತಿರುಗಾಮುರುಗಾ ಮಾಡಿದ್ರಾ? ಅಂದ್ರೆ ನಿಮಗೆ ಓದೋಕೆ ಮಾತ್ರ. ಬರೆಯೋದು ಇತರರಿಗೆ. ಇತರರು ಅಂದ್ರೆ ಯಾರು ಬೇಕಾದ್ರೂ ಆಗಬಹುದು, ಗೊತ್ತಾ?”

“ಇಲ್ಲಿ ಇತರರು ಅಂದರೆ ಒಬ್ಬರೇ,” ಎಂದರು ಮೇಷ್ಟ್ರು. “ಎಡದಿಂದಲೇ ಒತ್ತಿದ್ದೀನಿ.”

ಅವಳು ಇನ್ನೇನೋ ಕೇಳುತ್ತಿದ್ದಳು. ಕೆಳಗೆ ಗಂಟೆ ಹೊಡೆಯಿತು, ಏನೂ ಕೇಳಿಸಲಿಲ್ಲ. ಮೇಷ್ಟ್ರು ಗಡಿಯಾರ ನೋಡಿದರು. ಸರಿಯಾಗಿ ಒಂಬತ್ತೂವರೆ.